ಕಂದು ಮರಕ್ಕೆ ಒಪ್ಪುವ ಗೋಡೆ: ಮೈಸೂರಿನ ಹಳೆಯ ಮನೆಯೊಂದರ ಬಣ್ಣದ ಕೆಲಸ

2024ರ ದೀಪಾವಳಿಗೆ ಮುಂಚೆ ನಮ್ಮ ಮೈಸೂರಿನ ಮನೆಯ ನಡುಮನೆಗೆ ಬಳಿಸಿದ ಬಣ್ಣವನ್ನು ಮೂರೇ ತಿಂಗಳಲ್ಲಿ ಬದಲಾಯಿಸಬೇಕಾಯಿತು. ಬಣ್ಣದ ಗುಣಮಟ್ಟದಲ್ಲಿ ದೋಷವಿರಲಿಲ್ಲ, ಬಳಿದವರ ಕೈಕೆಲಸದಲ್ಲಿಯೂ ಇರಲಿಲ್ಲ. ಮನೆಯ ಪೀಠೋಪಕರಣಗಳೆಲ್ಲ ಕಂದು, ಆದ್ದರಿಂದ ಗೋಡೆಗೂ ಕಂದಿನ ಬಳಗದ ತಿಳಿಬಣ್ಣವೇ ಒಪ್ಪುತ್ತದೆ ಎಂದು ಅಂಗಡಿಯಲ್ಲಿ ಶೇಡ್ ಕಾರ್ಡ್ ಹಿಡಿದು ನಿಂತಾಗ ನಾನು ಮಾಡಿದ ತೀರ್ಮಾನವೇ ತಪ್ಪಾಗಿತ್ತು. ಬಿಸ್ಕತ್ತಿನ ಬಣ್ಣವೊಂದನ್ನು ಆರಿಸಿದೆ. ಬಳಿದು ಮುಗಿಸಿದ ಸಂಜೆ ಸಾಮಾನುಗಳನ್ನು ಮರಳಿ ಜೋಡಿಸಿ ದೀಪ ಹಾಕಿದಾಗ ಅಮ್ಮ ಬಾಗಿಲಲ್ಲೇ ನಿಂತು, "ಬೀರು ಎಲ್ಲಿ ಹೋಯಿತು, ನೋಡು. ಗೋಡೆಯೊಳಗೆ ಇಳಿದುಬಿಟ್ಟ ಹಾಗಿದೆಯಲ್ಲ," ಎಂದರು. ಅಜ್ಜ ಮಾಡಿಸಿದ ತೇಗದ ಬೀರುವಿನ ಮೇಲಂಚಿನಲ್ಲಿ ಬಳ್ಳಿಯ ಕೆತ್ತನೆಯೊಂದಿದೆ. ಆ ಬಳ್ಳಿಯ ಅಂಚು ಎಲ್ಲಿ ಮುಗಿಯುತ್ತದೆ, ಗೋಡೆ ಎಲ್ಲಿ ತೊಡಗುತ್ತದೆ ಎಂಬುದು ಹತ್ತು ಅಡಿ ದೂರದಿಂದ ಕಾಣುತ್ತಿರಲಿಲ್ಲ.

ಹೀಗಾಗಿ ಸಂಕ್ರಾಂತಿ ಕಳೆದ ಮೇಲೆ, 2025ರ ಜನವರಿ 18ರ ಶನಿವಾರ, ಕೆಲಸವನ್ನು ಮತ್ತೆ ಮೊದಲಿನಿಂದ ಕೈಗೆತ್ತಿಕೊಂಡೆ. ಜನವರಿ ಮತ್ತು ಫೆಬ್ರವರಿ ನಮ್ಮ ಕಡೆ ಬಣ್ಣದ ಕೆಲಸಕ್ಕೆ ಒಳ್ಳೆಯ ಕಾಲ. ಗಾಳಿ ಒಣಗಿರುತ್ತದೆ, ಗೋಡೆಯಲ್ಲಿ ಮಳೆಗಾಲದ ತೇವ ಉಳಿದಿರುವುದಿಲ್ಲ, ಬಿಸಿಲಿನ ಝಳಕ್ಕೆ ಬಣ್ಣ ಕುಂಚದಲ್ಲೇ ಬಿಗಿದುಕೊಳ್ಳುವುದೂ ಇಲ್ಲ.

ಈ ಬಾರಿ ಗೋಡೆಯನ್ನು ಮುಟ್ಟುವ ಮುನ್ನ ಮರವನ್ನು ನೋಡಿದೆ. ನಮ್ಮ ಮನೆಯಲ್ಲಿರುವುದು ಮೂರು ಜಾತಿಯ ಮರ. ನಡುಮನೆಯಲ್ಲಿ ತೇಗದ ಬೀರು, ತೇಗದ ದಿವಾನ ಮತ್ತು ಬೆತ್ತದ ಹೆಣಿಗೆಯ ಎರಡು ಕುರ್ಚಿಗಳಿವೆ. ಮಲಗುವ ಕೋಣೆಯಲ್ಲಿ ಬೀಟೆಯ ಮಂಚವಿದೆ. ಊಟದ ಕೋಣೆಯಲ್ಲಿ ಹಲಸಿನ ಹಲಗೆಯ ಮೇಜಿದೆ. ಮಾತಿನಲ್ಲಿ ಮೂರಕ್ಕೂ ಕಂದು ಎಂದೇ ಹೇಳುತ್ತೇವೆ. ಆದರೆ ಎಷ್ಟೋ ವರ್ಷಗಳ ಧೂಳು, ಎಣ್ಣೆಕೈ, ದೇವರ ಮುಂದಿನ ಧೂಪದ ಹೊಗೆ ಇವೆಲ್ಲ ಹಳೆಯ ಪಾಲಿಶ್ ಮೇಲೆ ಕೂತು ಮೂರು ಮರಗಳಿಗೂ ಒಂದೇ ಬಗೆಯ ಮಂಕು ಬಂದಿತ್ತು. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಸೌಮ್ಯವಾದ ಸೋಪು ಬೆರೆಸಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿದೆ. ಒಡನೆಯೇ ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿದೆ. ಹಳೆಯ ಪಾಲಿಶ್ ಸಾಮಾನ್ಯವಾಗಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡಿದ್ದು, ಅದರ ಮೇಲೆ ನೀರು ನಿಂತರೆ ಬಿಳಿಯ ಮಚ್ಚೆ ಬೀಳುತ್ತದೆ. ಆದ್ದರಿಂದ ಬಟ್ಟೆಯಿಂದ ಒಂದು ತೊಟ್ಟೂ ನೀರಿಳಿಯಬಾರದು. ಬೀರುವಿನ ಒಂದೇ ಬಾಗಿಲು ಒರೆಸಿದ ಮೇಲೆ ಬಟ್ಟೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು; ಒರೆಸಿದ ಬಾಗಿಲು ಜೇನಿನ ಬಣ್ಣಕ್ಕೆ ಬಂದಿತ್ತು. ಗೋಡೆಯ ಬಣ್ಣವನ್ನು ನಾನು ಮೊದಲ ಸಲ ಹೊಂದಿಸಲು ಹೊರಟಿದ್ದು ಮರಕ್ಕಲ್ಲ, ಅದರ ಮೇಲಿನ ಕೊಳೆಗೆ.

ಒರೆಸಿ ಬೆಳಕಿಗೆ ಹಿಡಿದಾಗ ಮೂರೂ ಬೇರೆಬೇರೆಯಾದವು. ತೇಗದ ಕಂದಿನಲ್ಲಿ ಹೊನ್ನಿನ ಹಳದಿ ಅಡಗಿದೆ. ಬೀಟೆಯ ಕಂದು ನೇರಳೆಯ ಕಡೆ ವಾಲುತ್ತದೆ. ಅದರ ಕಪ್ಪು ಗೆರೆಗಳಿಂದಾಗಿ ನೆರಳಿನಲ್ಲಿ ಬಹುತೇಕ ಕಪ್ಪಾಗಿಯೇ ಕಾಣುತ್ತದೆ. ಮೈಸೂರಿನ ಕೆತ್ತುಕೆಲಸದವರು ಬೀಟೆಯ ಹಿನ್ನೆಲೆಯಲ್ಲಿ ಬೇರೆ ಮರದ ತುಣುಕುಗಳನ್ನು ಕೂರಿಸಿ ಚಿತ್ರ ಬಿಡಿಸುವುದು ಈ ಕಡುಬಣ್ಣದ ಬಲದಿಂದಲೇ. ಹಲಸು ಹೊಸದಾಗಿ ಕೊಯ್ದಾಗ ಅರಿಸಿನದಂತಿದ್ದು, ವರ್ಷಗಳು ಕಳೆದಂತೆ ಕಿತ್ತಳೆ ಬೆರೆತ ಕಂದಿಗೆ ಮಾಗುತ್ತದೆ; ಹೊಸ ವೀಣೆಯನ್ನೂ ಹಳೆಯ ವೀಣೆಯನ್ನೂ ಪಕ್ಕಪಕ್ಕದಲ್ಲಿ ಕಂಡವರಿಗೆ ಇದು ಗೊತ್ತಿರುತ್ತದೆ. ಒಳಛಾಯೆಯನ್ನು ಗುರುತಿಸಲು ಕಷ್ಟವಾದರೆ ಅಚ್ಚಬಿಳಿಯ ಕಾಗದವೊಂದನ್ನು ಮರದ ಮೇಲಿಟ್ಟು ಹಗಲು ಬೆಳಕಿನಲ್ಲಿ ನೋಡಬೇಕು. ಬಿಳಿಯ ಪಕ್ಕದಲ್ಲಿ ಹಳದಿಯೋ ಕೆಂಪೋ ನೇರಳೆಯೋ ತಾನೇ ಹೊರಗೆ ಬರುತ್ತದೆ.

ಎರಡನೆಯದಾಗಿ ನೋಡಬೇಕಾದದ್ದು ಬೆಳಕು. ನಡುಮನೆಯ ದೊಡ್ಡ ಕಿಟಕಿ ಉತ್ತರಕ್ಕಿದೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕಿರುತ್ತಾನೆ. ಆದ್ದರಿಂದ ಜನವರಿಯಲ್ಲಿ ಉತ್ತರದ ಕಿಟಕಿಯಿಂದ ಬರುವುದು ಬಿಸಿಲಲ್ಲ, ಆಕಾಶದ ತಣ್ಣನೆಯ, ನೀಲಿ ಬೆರೆತ ಬೆಳಕು. ಮಲಗುವ ಕೋಣೆಗೆ ದಕ್ಷಿಣ ಮತ್ತು ಪಶ್ಚಿಮದ ಕಿಟಕಿಗಳಿದ್ದು, ಮಧ್ಯಾಹ್ನದ ನಂತರ ಅಲ್ಲಿ ಹಳದಿ ಬಿಸಿಲು ಧಾರಾಳವಾಗಿರುತ್ತದೆ. ಒಂದೇ ಡಬ್ಬಿಯ ಬಣ್ಣವನ್ನು ಈ ಎರಡು ಕೋಣೆಗಳಿಗೂ ಬಳಿದರೆ ಎರಡು ಬಣ್ಣಗಳಾಗಿ ಕಾಣುವುದರಲ್ಲಿ ಸಂದೇಹವಿಲ್ಲ.

ಇದಕ್ಕೆಲ್ಲ ಶೇಡ್ ಕಾರ್ಡಿನ ಬೆರಳಗಲದ ಚೌಕ ಸಾಲದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾರ್ಡ್‌ಬೋರ್ಡ್ ಹಾಳೆಯೊಂದನ್ನು ತಂದು ಎರಡಡಿ ಚೌಕದ ಎಂಟು ತುಂಡುಗಳಾಗಿ ಕೊಯ್ಯಿಸಿದೆ. ಪ್ರತಿಯೊಂದಕ್ಕೂ ಬಣ್ಣದ ಅಡಿಗೆ ಬಳಿಯುವ ಪ್ರೈಮರ್ ಹೊಡೆದು, ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಡಬ್ಬಿಗಳಲ್ಲಿ ಬಣ್ಣ ಬೆರೆಸಿಸಿ ತಂದು, ಎರಡೆರಡು ಕೋಟ್ ಬಳಿದೆ. ಎಂಟನೆಯ ಹಲಗೆಗೆ ಹಳೆಯ ಬಿಸ್ಕತ್ತಿನ ಬಣ್ಣವನ್ನೇ ಬಳಿದೆ. ತಪ್ಪು ಎಲ್ಲಿದೆ ಎಂದು ಹೋಲಿಸಲು ಅದು ಕಣ್ಣೆದುರಿಗೇ ಬೇಕಿತ್ತು. ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಯುವ ಗೋಡೆಬಣ್ಣ, ಹಸಿಯಾಗಿದ್ದಾಗ ಹಾಲು ಬೆರೆತಂತೆ ತಿಳಿಯಾಗಿದ್ದು, ಒಣಗಿದ ಮೇಲೆ ಒಂದು ಮಟ್ಟ ಗಾಢವಾಗುತ್ತದೆ. ಆದ್ದರಿಂದ ಒಂದು ರಾತ್ರಿ ಪೂರ್ತಿ ಒಣಗಿಸಿದ ನಂತರವೇ ಹಲಗೆಗಳನ್ನು ನೋಡಲು ತೊಡಗಿದೆ. ಬೀರುವಿನ ಪಕ್ಕಕ್ಕೆ ತಾಗುವಂತೆ ಒಂದೊಂದೇ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಏಳಕ್ಕೆ, ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ದೀಪ ಹಾಕಿದ ಮೇಲೆ, ಹೀಗೆ ನಾಲ್ಕು ದಿನ ನೋಡಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಅಂಗಡಿಯಲ್ಲಿ ಎಲ್ಲರೂ ಒತ್ತಿ ಹೇಳಿದ್ದ ತಿಳಿಬೂದು ಮೊದಲು ಬಿದ್ದುಹೋಯಿತು. ಆ ಬೂದಿನಲ್ಲಿ ನೀಲಿಯ ಪಾಲಿತ್ತು. ಅದನ್ನು ತೇಗದ ಪಕ್ಕದಲ್ಲಿ ನಿಲ್ಲಿಸಿದ ಕೂಡಲೇ ಜೇನಿನ ಬಣ್ಣದ ಬಾಗಿಲು ಕಿತ್ತಳೆಗೆ ತಿರುಗಿದಂತೆ ಕಂಡಿತು. ಹಲಗೆ ತೆಗೆದರೆ ಮತ್ತೆ ಮೊದಲಿನಂತಾಯಿತು. ಕಂದು ಎಂಬುದು ಮೂಲದಲ್ಲಿ ಹೊಳಪು ಕಡಿಮೆಯಾದ ಕಿತ್ತಳೆ. ಕಿತ್ತಳೆಗೆ ನೀಲಿ ಎದುರುಬಣ್ಣವಾದ್ದರಿಂದ ನೀಲಿ ಪಕ್ಕಕ್ಕೆ ಬಂದಾಗ ಕಂದಿನೊಳಗಿನ ಕಿತ್ತಳೆಯನ್ನು ನಮ್ಮ ಕಣ್ಣು ಹಿಗ್ಗಿಸಿ ನೋಡುತ್ತದೆ. ಪ್ಯಾರಿಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನ ವಿಜ್ಞಾನಿ ಶೆವ್ರೂಲ್ ಈ ನಿಯಮವನ್ನು 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಕಪ್ಪು ನೂಲಿನ ಬಣ್ಣ ಪೇಲವವಾಗಿದೆ ಎಂಬ ದೂರು ಬಂದಾಗ ಅವರು ಪರೀಕ್ಷಿಸಿ, ನೂಲಿನ ಬಣ್ಣದಲ್ಲಿ ಕೊರತೆಯಿಲ್ಲ, ಅದರ ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆಯ ನೂಲುಗಳಿಂದ ಅದು ಹಾಗೆ ಕಾಣುತ್ತಿದೆ ಎಂದು ಕಂಡುಕೊಂಡಿದ್ದರು. ನನ್ನ ಎರಡಡಿ ಹಲಗೆಯಲ್ಲಿ ಅದೇ ಸಂಗತಿ ನಡೆಯುತ್ತಿತ್ತು.

ಅಚ್ಚಬಿಳಿ ಬೇರೆ ರೀತಿಯಲ್ಲಿ ಸೋತಿತು. ಉತ್ತರದ ಬೆಳಕಿನಲ್ಲಿ ಅದಕ್ಕೆ ನೀಲಿಯ ತಣುವು ಬಂದು, ಬೀರು ಅದರ ಮುಂದೆ ಕತ್ತರಿಸಿ ಅಂಟಿಸಿದಂತೆ ಒರಟಾಗಿ ನಿಂತಿತು. ಸಾಸಿವೆ ಹಳದಿ ಬೀರುವಿನ ಹೊನ್ನನ್ನೆಲ್ಲ ತಾನೇ ಕುಡಿದು ಮರವನ್ನು ಸಪ್ಪೆಯಾಗಿಸಿತು. ಬಿಸ್ಕತ್ತಿನ ಹಲಗೆಯ ದೋಷ ಈಗ ಸ್ಪಷ್ಟವಾಯಿತು. ಅದರ ಬಣ್ಣವೂ ಮರದ ಬಣ್ಣವೂ ಒಂದೇ ಬಳಗಕ್ಕೆ ಸೇರಿದ್ದವು. ತಿಳಿ-ಗಾಢದ ಅಂತರವೂ ಸಾಲದಾಗಿತ್ತು. ಗೋಡೆ ಮತ್ತು ಮರ ಒಂದೇ ಬಳಗದ್ದಾದರೆ ತಿಳಿ-ಗಾಢದಲ್ಲಿ ದೊಡ್ಡ ಅಂತರವಿರಬೇಕು. ಅಂತರ ಕಡಿಮೆಯಾದರೆ ಬಳಗವಾದರೂ ಬೇರೆಯಿರಬೇಕು. ಕೆಲವು ಕಂಪನಿಗಳು ಪ್ರತಿ ಬಣ್ಣವೂ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು ಸೊನ್ನೆಯಿಂದ ನೂರರವರೆಗಿನ ಅಂಕಿಯಲ್ಲಿ ಕೊಡುತ್ತವೆ, ಇದಕ್ಕೆ ಎಲ್‌ಆರ್‌ವಿ ಎನ್ನುತ್ತಾರೆ. ಆ ಅಂಕಿ ಸಿಗದಿದ್ದರೆ ಮೊಬೈಲಿನಲ್ಲಿ ಹಲಗೆ ಮತ್ತು ಮರದ ಚಿತ್ರ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿದರೂ ಅಂತರ ತಿಳಿಯುತ್ತದೆ. ನಾನು ಹಾಗೆ ನೋಡಿದಾಗ ಬಿಸ್ಕತ್ತಿನ ಹಲಗೆಯೂ ಸಂಜೆಯ ಬೆಳಕಿನಲ್ಲಿ ಬೀರುವಿನ ಬಾಗಿಲೂ ಹತ್ತಿರಹತ್ತಿರದ ಎರಡು ಬೂದುಬಣ್ಣಗಳಾಗಿದ್ದವು.

ಉಳಿದವುಗಳಲ್ಲಿ ಎರಡು ಗೆದ್ದವು. ಒಂದು, ತುಸು ಹಳದಿ ಮತ್ತು ಎಳ್ಳಷ್ಟು ಕೆಂಪು ಸೇರಿದ ಕೆನೆಬಿಳಿ. ಇನ್ನೊಂದು, ಬೂದಿ ಬೆರೆಸಿದಂತಿರುವ ಮಂದ ಹಸಿರು, ಒಣಗಿದ ವೀಳ್ಯದೆಲೆಯ ಹಿಂಬದಿಯ ಬಣ್ಣ. ಹಸಿರಿನ ಮುಂದೆ ತೇಗ ಕಿತ್ತಳೆಯಾಗಲಿಲ್ಲ. ಅದರೊಳಗಿನ ಹೊನ್ನು ಮಾತ್ರ ಮೇಲೆದ್ದು, ಕೆತ್ತನೆಯ ಬಳ್ಳಿಯ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಂಡಿತು. ಮೂರು ಗೋಡೆಗೆ ಕೆನೆಬಿಳಿ, ಬೀರು ನಿಲ್ಲುವ ಗೋಡೆಗೆ ಹಸಿರು ಎಂದು ನಿಶ್ಚಯಿಸಿದೆ. ಆದರೆ ಹಲಗೆಯಲ್ಲಿ ಮೆಚ್ಚಿದ ಛಾಯೆಯನ್ನೇ ಕೋಣೆಗೆ ಬಳಿಯಲಿಲ್ಲ. ನಾಲ್ಕು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುವುದರಿಂದ ಬಣ್ಣ ಹಲಗೆಯಲ್ಲಿದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಹಾಗಾಗಿ ಕೆನೆಬಿಳಿಯಲ್ಲಿ ಶೇಡ್ ಕಾರ್ಡಿನ ಅದೇ ಪಟ್ಟಿಯ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿದೆ.

ನೆಲದ ವಿಷಯವನ್ನು ಹೇಳದಿದ್ದರೆ ಈ ಲೆಕ್ಕ ಅಪೂರ್ಣವಾಗುತ್ತದೆ. ನಮ್ಮದು ಕೆಂಪು ರೆಡ್ ಆಕ್ಸೈಡಿನ ನೆಲ. ಕಿಟಕಿಯ ಬೆಳಕು ನೆಲಕ್ಕೆ ಬಿದ್ದು ಮೇಲಕ್ಕೆ ಚಿಮ್ಮುವಾಗ ಗೋಡೆಯ ಕೆಳಗಿನ ಎರಡಡಿಗೆ ಕೆಂಪು ಹತ್ತುತ್ತದೆ. ಕೆನೆಬಿಳಿಯ ಹಲಗೆಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿದಾಗ ಅದರ ಕೆಳಭಾಗ ಗುಲಾಬಿಯಾಗಿಯೂ ಮೇಲ್ಭಾಗ ಕೆನೆಯಾಗಿಯೂ ಕಂಡಿತು. ಸ್ಟೂಲಿನ ಮೇಲಿಟ್ಟಾಗ ಗುಲಾಬಿ ಮಾಯವಾಯಿತು. ತಿಳಿ ಮಣ್ಣುಗೆಂಪಿನ ಹಲಗೆಯನ್ನು ನಾನು ಕೈಬಿಟ್ಟದ್ದು ಈ ಕಾರಣಕ್ಕೇ. ನೆಲ ಕೆಂಪು, ಮರ ಬೆಚ್ಚನೆಯ ಕಂದು, ಅದರ ಮೇಲೆ ಗೋಡೆಯೂ ಕೆಂಪಾದರೆ ಕಣ್ಣಿಗೆ ತಂಗಲು ಎಡೆಯೇ ಇರುವುದಿಲ್ಲ. ಟೈಲ್ಸ್ ಅಥವಾ ಗ್ರಾನೈಟ್ ಹಾಕಿದವರು ಕೂಡ ಹಲಗೆಯನ್ನು ಒಮ್ಮೆ ನೆಲಕ್ಕೆ ತಾಗಿಸಿ ನೋಡುವುದು ಒಳ್ಳೆಯದು.

ರಾತ್ರಿಯ ದೀಪದಲ್ಲಿ ಹಸಿರು ಹಲಗೆ ನನ್ನನ್ನು ಹೆದರಿಸಿತು. ನಡುಮನೆಯಲ್ಲಿದ್ದ 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಅದು ಆಸ್ಪತ್ರೆಯ ಗೋಡೆಯಂತೆ ತಣ್ಣಗಾಗಿ, ಬೀರುವಿನ ಬಣ್ಣವೂ ಬೂದಿಗೆ ತಿರುಗಿತು. ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ; ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿಯ ಕಡೆ ವಾಲುತ್ತದೆ. ಬಣ್ಣ ಬದಲಿಸುವ ಮುನ್ನ ದೀಪ ಬದಲಿಸಿ ನೋಡಿದೆ. 3000 ಕೆಲ್ವಿನ್‌ನ ಎಲ್‌ಇಡಿ ಹಾಕಿದಾಗ ಹಸಿರು ಮತ್ತೆ ಎಲೆಯ ಹಿಂಬದಿಯ ಬಣ್ಣಕ್ಕೆ ಬಂತು. ತೇಗದ ಹೊನ್ನೂ ಮರಳಿತು. ಓದಲು ಕೂರುವ ಮೂಲೆಗೆ ಮಾತ್ರ 4000 ಕೆಲ್ವಿನ್‌ನ ದೀಪ ಉಳಿಸಿಕೊಂಡೆ. ಕಂದು ಮರವಿರುವ ಮನೆಯಲ್ಲಿ ಬಣ್ಣದ ಡಬ್ಬಿಗೆ ಹಣ ಕೊಡುವ ಮುನ್ನವೇ ದೀಪವನ್ನು ತೀರ್ಮಾನಿಸಿಕೊಳ್ಳಬೇಕು.

ಇನ್ನು ಗೋಡೆಯ ಕೆಲಸ. ಹಳೆಯ ಬಣ್ಣದ ಮೇಲೆ ಟೇಪನ್ನು ಒತ್ತಿ ಅಂಟಿಸಿ ಸರ್ರನೆ ಕಿತ್ತು ನೋಡಿದಾಗ ಮೂರು ಕಡೆ ಗೋಡೆ ಗಟ್ಟಿಯಾಗಿತ್ತು, ನಾಲ್ಕನೆಯ ಕಡೆ ಟೇಪಿನೊಂದಿಗೆ ಬಣ್ಣವೂ ಅದರ ಹಿಂದಿನ ಹಳೆಯ ಸುಣ್ಣವೂ ಪದರಾಗಿ ಎದ್ದುಬಂದವು. ಆ ಗೋಡೆಯ ಬುಡದಲ್ಲಿ ಉಪ್ಪು ಬಿಳಿಯ ಹೂವಿನಂತೆ ಹೊರಟಿತ್ತು. ಹೊರಗಡೆ ನೋಡಿದರೆ ತಾರಸಿಯ ನೀರಿನ ಕೊಳವೆಯ ಜೋಡಣೆಯಲ್ಲಿ ಬಿರುಕಿದ್ದು, ಮಳೆನೀರು ನೇರವಾಗಿ ಗೋಡೆಗೆ ಇಳಿಯುತ್ತಿತ್ತು. ಕೊಳವೆಯನ್ನು ಸರಿಪಡಿಸಿ, ಸಡಿಲವಾದದ್ದನ್ನೆಲ್ಲ ಗಾರೆ ಕಾಣುವವರೆಗೆ ಕೆರೆದು, ಉಪ್ಪನ್ನು ಒಣಬ್ರಷ್ಷಿನಿಂದ ತೆಗೆದು, ಗೋಡೆಯನ್ನು ಹತ್ತು ದಿನ ಹಾಗೆಯೇ ಒಣಗಲು ಬಿಟ್ಟೆ. ಉಪ್ಪನ್ನು ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ.

ಬಾಗಿಲು ಮತ್ತು ಕಿಟಕಿಯ ಚೌಕಟ್ಟುಗಳಿಗೆ ಹಿಂದಿನ ಕಾಲದ ಎಣ್ಣೆಬಣ್ಣವಿತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್‌ನಿಂದ ಜಾರಿಗೆ ಬಂತು. ಅದಕ್ಕೂ ಹಿಂದಿನ ಎಣ್ಣೆಬಣ್ಣದಲ್ಲಿ ಸೀಸ ಇರಬಹುದೆಂದೇ ಭಾವಿಸಿ ನಡೆದುಕೊಳ್ಳಬೇಕು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸದೆ, ನೀರು ತಡೆಯುವ ಉಪ್ಪುಕಾಗದವನ್ನು ಒದ್ದೆ ಮಾಡಿ ಉಜ್ಜಿದೆ. ಮಕ್ಕಳನ್ನು ಎರಡು ದಿನ ಆ ಕಡೆ ಬಿಡಲಿಲ್ಲ. ಒರೆಸಿದ ಬಟ್ಟೆ ಮತ್ತು ಕಸವನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಟ್ಟೆ. ಸುಂದರವಾದ ಬಣ್ಣಕ್ಕಾಗಿ ಮಗುವಿನ ಮೈಗೆ ವಿಷ ಸೇರುವುದನ್ನು ಯಾರೂ ಬಯಸುವುದಿಲ್ಲವಾದರೂ, ಈ ಎಚ್ಚರಿಕೆಯನ್ನು ಕೆಲಸದ ಆತುರದಲ್ಲಿ ಮರೆಯುವವರು ಬಹಳ.

ಗೋಡೆಯ ಏರುತಗ್ಗನ್ನು ತುಂಬಿ ನಯಗೊಳಿಸುವ ಪುಟ್ಟಿಗೆ ಬಿಳಿ ಸಿಮೆಂಟಿನ ಪುಡಿಯನ್ನು ಬಳಸಿದೆ. ಒಂದು ಕಿಲೋ ಪುಡಿಗೆ 350ರಿಂದ 400 ಮಿಲಿಲೀಟರ್ ನೀರು ಬೆರೆಸಿ, ಗಂಟಿಲ್ಲದಂತೆ ಕಲಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿದೆ. ಗೋಡೆಯನ್ನು ಮೊದಲು ನೀರಿನಿಂದ ತೇವಗೊಳಿಸಿ ಎರಡು ತೆಳುವಾದ ಪದರ ಎಳೆದೆ. ಒಣಗಿದ ಮೇಲೆ 180, ನಂತರ 320 ನಂಬರಿನ ಉಪ್ಪುಕಾಗದದಿಂದ ಉಜ್ಜಿದೆ. ಉಜ್ಜುವಾಗ ಟಾರ್ಚನ್ನು ಗೋಡೆಗೆ ಅಂಟಿಸಿದಂತೆ ಪಕ್ಕದಿಂದ ಹಿಡಿದರೆ ಕಣ್ಣಿಗೆ ಕಾಣದ ಏರುತಗ್ಗು ನೆರಳಾಗಿ ಕಾಣುತ್ತದೆ. ಹಳೆಯ ಗೋಡೆಯ ಅಲೆಗಳು ಪೂರ್ತಿ ಹೋಗುವುದಿಲ್ಲ. ಅದಕ್ಕಾಗಿಯೇ ಹೊಳಪಿನ ಬಣ್ಣವನ್ನು ಬಿಟ್ಟು ತೊಳೆಯಬಹುದಾದ ಮ್ಯಾಟ್ ಎಮಲ್ಷನ್ ಆರಿಸಿದೆ. ಪಾಲಿಶ್ ಮಾಡಿದ ಮರದ ಹೊಳಪು ಹೊಳಪಿಲ್ಲದ ಗೋಡೆಯ ಮುಂದೆ ಚೆನ್ನಾಗಿ ಕಾಣುತ್ತದೆ. ಗೋಡೆಯೂ ಹೊಳೆದರೆ ಎರಡೂ ಪೈಪೋಟಿಗೆ ನಿಲ್ಲುತ್ತವೆ.

ನಡುಮನೆ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಸುತ್ತಳತೆ 56 ಅಡಿ, ಗೋಡೆ 560 ಚದರ ಅಡಿ. ಬಾಗಿಲು, ಕಿಟಕಿಗಳನ್ನು ಕಳೆದರೆ ಸುಮಾರು 480. ಒಂದು ಕೋಟ್ ಪ್ರೈಮರ್ ಮೇಲೆ ಎರಡು ಕೋಟಿಗೆ ಎರಡೂ ಬಣ್ಣ ಸೇರಿ ಐದು ಲೀಟರ್ ಹಿಡಿಯಿತು. ಒಂದೇ ಬಣ್ಣದ ಎರಡು ಡಬ್ಬಿಗಳಿದ್ದರೆ ಮೊದಲು ಎರಡನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಒಂದಾಗಿ ಕಲಸಬೇಕು. ಯಂತ್ರದಲ್ಲಿ ಬೆರೆಸಿದರೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯ ವ್ಯತ್ಯಾಸ ಬರಬಹುದು. ಅದು ಗೋಡೆಯ ನಡುವೆ ಬಂದರೆ ಎದ್ದು ಕಾಣುತ್ತದೆ. ಮೊದಲ ಕೋಟಿನ ನಂತರ ನಾಲ್ಕು ಗಂಟೆಗೂ ಹೆಚ್ಚು ಬಿಟ್ಟು ಎರಡನೆಯದನ್ನು ಬಳಿದೆ. ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಪೂರ್ತಿ ಒಣಗುವ ಮುನ್ನವೇ ಓರೆಯಾಗಿ ಎಳೆದು ತೆಗೆದದ್ದರಿಂದ ಹಸಿರು ಮತ್ತು ಕೆನೆಬಿಳಿ ಸೇರುವ ಮೂಲೆಯ ಗೆರೆ ನೇರವಾಗಿ ಬಂತು. ಚಾವಣಿಗೆ ಅಚ್ಚಬಿಳಿ ಬಳಿದರೆ ಕೆನೆಬಿಳಿ ಗೋಡೆ ಮಾಸಿದಂತೆ ಕಾಣುವುದರಿಂದ, ಅದೇ ಕೆನೆಬಿಳಿಯನ್ನು, ಅದಕ್ಕೆ ಸೇರಿಸುವ ಬಣ್ಣದ ಕಾಲುಭಾಗವನ್ನಷ್ಟೇ ಹಾಕಿಸಿ, ಇನ್ನೂ ತಿಳಿಯಾಗಿ ಬೆರೆಸಿಸಿ ಬಳಿದೆ.

ಮಲಗುವ ಕೋಣೆಯಲ್ಲಿ ಲೆಕ್ಕ ತಲೆಕೆಳಗಾಯಿತು. ನಡುಮನೆಯಲ್ಲಿ ಸೋತ ಅದೇ ನೀಲಿ ಬೆರೆತ ತಿಳಿಬೂದು ಬೀಟೆಯ ಮಂಚದ ಹಿಂದೆ ಬಹಳ ಚೆನ್ನಾಗಿ ನಿಂತಿತು. ಬೀಟೆಯಲ್ಲಿ ಹಿಗ್ಗಿಸಿ ತೋರಿಸಲು ಕಿತ್ತಳೆ ಹೆಚ್ಚಿಲ್ಲ. ಮೇಲಾಗಿ ಪಶ್ಚಿಮದ ಬಿಸಿಲು ಬೂದಿನ ತಣುವನ್ನು ತಾನೇ ಬೆಚ್ಚಗಾಗಿಸುತ್ತದೆ. ಬಿಸಿಲು ನೇರವಾಗಿ ತಾಗುವ ಕಡೆ ಬೀಟೆ ವರ್ಷಗಳಲ್ಲಿ ಬಣ್ಣ ಕಳೆದುಕೊಳ್ಳುತ್ತದೆ, ಆದ್ದರಿಂದ ಮಂಚವನ್ನು ಕಿಟಕಿಯಿಂದ ಮೂರಡಿ ಸರಿಸಿ ಹತ್ತಿಯ ಪರದೆ ಹಾಕಿದೆವು. ಊಟದ ಕೋಣೆಯ ಒಂದು ಗೋಡೆಗೆ ಮಾತ್ರ ಗಾಢವಾದ, ಮಂದವಾದ ನವಿಲುಹಸಿರು ಬಳಿದು ಉಳಿದದ್ದಕ್ಕೆ ಕೆನೆಬಿಳಿಯನ್ನೇ ಮುಂದುವರಿಸಿದೆ. ಅದರ ಮುಂದೆ ಹಲಸಿನ ಮೇಜು ದೀಪ ಹಚ್ಚಿದಂತಿದೆ.

ಫೆಬ್ರವರಿ 16ರ ಭಾನುವಾರ ಬೀರುವನ್ನು ಹಸಿರು ಗೋಡೆಯಿಂದ ಮೂರು ಅಂಗುಲ ಬಿಟ್ಟು ನಿಲ್ಲಿಸಿದೆವು. ಗಾಳಿ ಆಡಿದರೆ ಮಳೆಗಾಲದಲ್ಲಿ ಮರಕ್ಕೂ ಗೋಡೆಗೂ ಬೂಷ್ಟು ಹಿಡಿಯುವುದಿಲ್ಲ. ಅಮ್ಮ ಮೊದಲಿನಂತೆಯೇ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು, ಕೆತ್ತನೆಯ ಬಳ್ಳಿಯ ತುದಿಯನ್ನು ಬೆರಳಿನಿಂದ ಮುಟ್ಟಿ, "ಇಲ್ಲೊಂದು ಮೊಗ್ಗಿದೆ, ನನಗೆ ಇಷ್ಟು ವರ್ಷ ಕಂಡಿರಲಿಲ್ಲ," ಎಂದರು.

ಜೂನ್ ತಿಂಗಳಲ್ಲಿ ಮೋಡ ಬಿಟ್ಟುಕೊಟ್ಟ ಬೆಳಗುಗಳಲ್ಲಿ ಉತ್ತರದ ಕಿಟಕಿಯಿಂದಲೂ ಓರೆಬಿಸಿಲು ಅರ್ಧ ಗಂಟೆ ಒಳಗೆ ಬಂದಿತು. ಸೂರ್ಯ ಆಗ ಪೂರ್ವದಿಂದ ಉತ್ತರಕ್ಕೆ ಸರಿದು ಹುಟ್ಟುವುದರಿಂದ ಜನವರಿಯ ಪರೀಕ್ಷೆಯಲ್ಲಿ ನಾನು ಕಂಡಿರದ ಬೆಳಕು ಅದು. ಹಸಿರು ಗೋಡೆ ಆ ಹೊತ್ತಿನಲ್ಲಿ ತುಸು ಹಳದಿಗೆ ತಿರುಗುತ್ತದೆ. ಬೀರುವಿನ ಅಂಚು ಮಾತ್ರ ಕರಗುವುದಿಲ್ಲ. ಮೂರೂ ಕೋಣೆಗಳ ಬಣ್ಣದ ಸಂಖ್ಯೆ ಮತ್ತು ಬೆರಕೆಯ ಪ್ರಮಾಣವಿರುವ ಅಂಗಡಿಯ ಚೀಟಿಗಳನ್ನು ಡಬ್ಬಿಗಳಿಂದ ಬಿಡಿಸಿ ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ, ಎಂಟು ಹಲಗೆಗಳನ್ನು ಅದರ ಹಿಂದೆ ನಿಲ್ಲಿಸಿದ್ದೇನೆ.